ಗೆರಟೆಗೆ ಬೀಳದ ಹನಿ

ಪರ್ಕಳದಲ್ಲಿ ನಾನೀಗ ಇರುವ ಬಾಡಿಗೆ ಮನೆಯ ಕೆಳಗೆ ಪೂಜಾ ಸಾಮಗ್ರಿಯ ಅಂಗಡಿಯೊಂದಿದೆ. ಸಂಜೆ ಅವರು ಕೆಂಡಕ್ಕೆ ರಾಳದ ಚೂರು ಹಾಕಿದರೆ ಹೊಗೆ ಮೆಟ್ಟಿಲೇರಿ ನನ್ನ ಅಡುಗೆಮನೆಗೇ ಬರುತ್ತದೆ. ಆ ಪರಿಮಳಕ್ಕೆ ಉಳಿದವರಿಗೆ ದೇವರು ನೆನಪಾದರೆ ನನಗೆ ಅಜ್ಜ ನೆನಪಾಗುತ್ತಾರೆ. ಕಾಪುವಿನ ಕಡಲ ಬದಿಯ ನಮ್ಮ ಮನೆಯಲ್ಲಿ ಅದು ಒಂಟಿಯಾಗಿ ಇದ್ದದ್ದೇ ಇಲ್ಲ, ಬೂತಾಯಿ ಮೀನಿನ ಎಣ್ಣೆಯ ನಾತವೂ ಅದರ ಜೊತೆಗಿರುತ್ತಿತ್ತು. ಅಪ್ಪನ ಅಪ್ಪ, ನನ್ನ ಅಜ್ಜ, ದೋಣಿಗಳ ಸೋರಿಕೆ ಮುಚ್ಚುವವರು. ಕಬ್ಬಿಣದ ಬಾಣಲೆಯಲ್ಲಿ ಮೀನೆಣ್ಣೆಗೆ ರಾಳ ಹಾಕಿ ಕರಗಿಸಿ, ಹತ್ತಿಯ ಎಳೆಯನ್ನು ಅದರಲ್ಲಿ ಅದ್ದಿ, ಹಲಗೆಗಳ ಸಂದಿಗೆ ಉಳಿಯಿಂದ ಒತ್ತಿ ಕೂರಿಸುತ್ತಿದ್ದರು. ಅವರು ಮುಚ್ಚಿದ ದೋಣಿಯಲ್ಲಿ ಮಗುವನ್ನು ಮಲಗಿಸಿಕೊಂಡು ಹೋಗಬಹುದು ಎಂದು ನಮ್ಮ ಕಡಲ ಕರೆಯ ಕಡಪ್ಪುರದವರು ಹೇಳುತ್ತಿದ್ದರು. ಈಗ ಆ ಮನೆಯೂ ಇಲ್ಲ, ಮನೆಯ ಮುಂದೆ ಮಗುಚಿ ಇಟ್ಟಿರುತ್ತಿದ್ದ ಮರದ ದೋಣಿಗಳೂ ಇಲ್ಲ.

ಅಪ್ಪ ದೋಣಿಯನ್ನು ಬಿಟ್ಟು ಲಾರಿ ಹಿಡಿದವರು. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಐಸು ತುಂಬಿದ ಮೀನನ್ನು ಕಾರ್ಕಳದ ಕಡೆಗೆ ಒಯ್ಯುತ್ತಿದ್ದರು. ಲಾರಿ ಆಗಲೇ ಮುದಿಯಾಗಿತ್ತು. ಹೊರಡುವಾಗ ಕೆಮ್ಮುತ್ತಿತ್ತು, ನಿಂತಲ್ಲಿ ತೊಟ್ಟಿಕ್ಕುತ್ತಿತ್ತು. ಅಜ್ಜನಿಗೂ ಅಪ್ಪನಿಗೂ ಜಗಳವೇನೂ ಇರಲಿಲ್ಲ. ಆದರೆ ಲಾರಿ ಬಂದ ಮೇಲೆ ಅಪ್ಪ ಅಜ್ಜನ ಕೈಯಿಂದ ಒಂದು ಕೆಲಸವನ್ನೂ ಕೇಳಿರಲಿಲ್ಲ. ಅಜ್ಜ ಕೆಲವೊಮ್ಮೆ ಆ ಲಾರಿಯ ಸುತ್ತ ಒಂದು ಸುತ್ತು ಬಂದು, ಏನೂ ಮಾಡಲು ತೋಚದೆ ಜಗಲಿಗೆ ಮರಳುತ್ತಿದ್ದರು.

ಲಾರಿಯ ಇಂಜಿನಿನ ನೀರಿನ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತಿನಿಂದ ಹನಿ ಬೀಳಲು ಸುರುವಾದಾಗ ಅಪ್ಪ ನನಗೊಂದು ಜವಾಬ್ದಾರಿ ಕೊಟ್ಟರು. ಸಂಜೆ ಲಾರಿ ನಿಂತ ಮೇಲೆ ಅದರಡಿಗೆ ತೆಂಗಿನ ಚಿಪ್ಪಿನ ಗೆರಟೆ ಇಡಬೇಕು, ಬೆಳಿಗ್ಗೆ ಎಷ್ಟು ತುಂಬಿದೆ ಎಂದು ಹೇಳಬೇಕು. "ಅರ್ಧ ಗೆರಟೆ ಆದರೆ ಪಂಪ್ ಬದಲಿಸಲಿಕ್ಕೆ ಉಂಟು. ಲಾರಿ ಗ್ಯಾರೇಜಿಗೆ ಹೋದರೆ ಯಾವಾಗ ಬರುತ್ತದೋ, ಮತ್ತೆ ಮದುವೆಗೆ ಎಲ್ಲರೂ ಬಸ್ಸಿನಲ್ಲೇ," ಎಂದರು. ಕಾರ್ಕಳದಲ್ಲಿ ಅಮ್ಮನ ಅಣ್ಣನ ಮಗಳ ಮದುವೆ. ಲಾರಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು, ಹಲಗೆ ಹಾಸಿ, ನೆಂಟರನ್ನೆಲ್ಲ ಕೂರಿಸಿಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ನಾಲ್ಕನೆಯ ತರಗತಿಯ ನಾನು ಡ್ರೈವರ್ ಪಕ್ಕದಲ್ಲಿ ಶಂಕರಪುರ ಮಲ್ಲಿಗೆ ಮುಡಿದು ಕೂರುವುದಾಗಿ ಶಾಲೆಯಲ್ಲಿ ಎಲ್ಲರಿಗೂ ಸಾರಿಬಿಟ್ಟಿದ್ದೆ. ಮದುವೆಗೆ ವಾರ ಇರುವಾಗ ಗೆರಟೆ ಅರ್ಧಕ್ಕೆ ಬಂತು.

ನಾನು ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ ಅಜ್ಜನ ಬಳಿ ಹೋದೆ.

"ಅಜ್ಜ, ಲಾರಿ ಸೋರುತ್ತಾ ಉಂಟು. ನಿಮಗೆ ಮುಚ್ಚಲಿಕ್ಕೆ ಆಗ್ತದಾ?"

"ಅಪ್ಪನಿಗೆ ಹೇಳಿದ್ದೀಯಾ?"

"ಅಪ್ಪನೇ ನಿಮ್ಮ ಹತ್ತಿರ ಹೇಳಲಿಕ್ಕೆ ಹೇಳಿದ್ದು."

ಈ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಇಂದಿಗೂ ನಾಚಿಕೆಯಾಗುತ್ತದೆ. ಅಜ್ಜನ ಮುಖ ಅರಳಿದ್ದನ್ನು ನೆನೆದರೆ ಇನ್ನೂ ಹೆಚ್ಚು. "ಅವನೇ ಹೇಳಿದನಾ?" ಎಂದು ಎರಡು ಸಲ ಕೇಳಿದರು. ಅಪ್ಪ ಇನ್ನೂ ಎದ್ದಿರಲಿಲ್ಲ. ಕೂಡಲೇ ಬಾಣಲೆ ಒಲೆಗೇರಿತು. ಲಾರಿಯಡಿಗೆ ಅಂಗಾತ ಸರಿದು, ಆ ತೂತಿಗೆ ಹತ್ತಿಯನ್ನೂ ರಾಳವನ್ನೂ ಎಷ್ಟು ಪ್ರೀತಿಯಿಂದ ಒತ್ತಿದರೆಂದರೆ ಮರುದಿನ ಗೆರಟೆಗೆ ಒಂದು ಹನಿಯೂ ಬೀಳಲಿಲ್ಲ. ಅಪ್ಪನಿಗೆ ಒಣ ಗೆರಟೆ ತೋರಿಸಿದೆ. ಹಿಂದಿನ ಸಂಜೆ ಮೀನು ಇಳಿಸಿ ದಣಿದು ಬಂದಿದ್ದ ಅಪ್ಪ ನಕ್ಕು ನನ್ನ ತಲೆ ಸವರಿದರು. ತಾನು ಮಾಡಿದ್ದನ್ನು ಮಗನ ಮುಂದೆ ಹೇಳಿಕೊಳ್ಳುವ ಸ್ವಭಾವ ಅಜ್ಜನದಲ್ಲ.

ಮದುವೆಯ ಬೆಳಿಗ್ಗೆ ಬೆಳ್ಮಣ್ ದಾಟುವ ಮೊದಲೇ ಇಂಜಿನಿನೊಳಗೆ ಏನೋ ಕಿರುಚಿತು, ಫ್ಯಾನು ರೇಡಿಯೇಟರಿಗೆ ಉಜ್ಜಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಅಮ್ಮ ನೆಂಟರನ್ನು ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿದರು. ಅವರು ತಲುಪುವಾಗ ಧಾರೆ ಮುಗಿದಿತ್ತಂತೆ. ಬಸ್ಸಿನಲ್ಲಿ ವಾಂತಿಯಾಗುತ್ತದೆಂಬ ನೆಪದಲ್ಲಿ ನಾನು ಅಜ್ಜನೊಂದಿಗೆ ರಸ್ತೆ ಬದಿಯ ಗೋಳಿಮರದಡಿ ಉಳಿದೆ. ಅಪ್ಪ ಉಡುಪಿಗೆ ಹೋಗಿ ಹೊಸ ಪಂಪು ಕೊಂಡು, ಮಿಸ್ತ್ರಿ ಹಸನಬ್ಬರನ್ನು ಕರೆದುಕೊಂಡು ಮಧ್ಯಾಹ್ನಕ್ಕೆ ಬಂದರು.

ಹಸನಬ್ಬ ಮಿಕ್ಕಿದ್ದ ನೀರನ್ನು ಇಳಿಸಿ, ಬೆಲ್ಟು ಬಿಚ್ಚಿ, ಫ್ಯಾನು ತೆಗೆದು, ಹಳೆಯ ಪಂಪನ್ನು ಕಳಚಿ ಕೈಯಲ್ಲಿ ತಿರುಗಿಸಿ ನೋಡಿದರು. ಕಿರುಬೆರಳಿನಿಂದ ಕೆಳಗಿನ ತೂತನ್ನು ತಡವಿ, ಮೂಸಿದರು.

"ಇದಕ್ಕೆ ದೋಣಿಯ ರಾಳ ತುಂಬಿದ್ದು ಯಾರು ಮಾರಾಯ್ರೇ? ಇದು ಸೋರಲಿಕ್ಕೆಂದೇ ಬಿಟ್ಟ ತೂತು. ಒಳಗಿನ ಸೀಲು ಹೋದರೆ ನೀರು ಇಲ್ಲಿಂದ ಹೊರಗೆ ಬಂದು ಹೇಳಬೇಕು. ಮುಚ್ಚಿದ ಕಾರಣ ಬೇರಿಂಗಿಗೆ ನುಗ್ಗಿದೆ."

ಅಜ್ಜ ಒಮ್ಮೆ ಅಪ್ಪನ ಮುಖ ನೋಡಿದರು. ಅಲ್ಲಿ ಬರೀ ಆಶ್ಚರ್ಯವಿತ್ತು. ಆಮೇಲೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಎಲ್ಲವೂ ತಿಳಿಯಿತು.

"ನಾನೇ," ಎಂದರು. "ಸೋರುವುದು ಕಂಡೆ, ಮುಚ್ಚಿದೆ."

ಅಪ್ಪ ಬೈಯಲಿಲ್ಲ. ಹಸನಬ್ಬ ದಪ್ಪ ಕಾಗದವನ್ನು ಹೊಸ ಪಂಪಿನ ಬಾಯಿಗಿಟ್ಟು, ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟಿ ಗ್ಯಾಸ್ಕೆಟ್ ಕತ್ತರಿಸತೊಡಗಿದರು. ಗಾಳಿಗೆ ಕಾಗದದ ಮೂಲೆ ಎದ್ದಿತು. ಅಜ್ಜ ಹಿಡಿಯಲು ಕೈ ಚಾಚಿದರು.

"ನೀವು ಅದಕ್ಕೆ ಕೈ ಹಾಕಬೇಡಿ," ಎಂದರು ಅಪ್ಪ.

ಚಾಚಿದ ಕೈ ಹಿಂದೆ ಬಂದು ಉಟ್ಟ ಮುಂಡಿನ ಮಡಿಕೆಯೊಳಗೆ ಸೇರಿತು. ನಾನು ಆಗ ನಿಜ ಹೇಳಬಹುದಿತ್ತು. ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯುವಷ್ಟು ಹೊತ್ತು, ಪಕ್ಕದ ಮನೆಯ ಬಾವಿಯಿಂದ ಕೊಡದಲ್ಲಿ ನೀರು ತಂದು ತುಂಬುವಷ್ಟು ಹೊತ್ತು ನನಗೆ ಸಮಯವಿತ್ತು.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಸೋರಬೇಕಾದ ತೂತನ್ನೇ ಮುಚ್ಚಿದವರೆಂದು ಕಡಪ್ಪುರದಲ್ಲಿ ನಗೆಯಾಯಿತು. ನಕ್ಕವರಿಗೆ ಕೆಟ್ಟ ಮನಸ್ಸಿರಲಿಲ್ಲ, ಅವರ ದೋಣಿಗಳನ್ನು ಕಾದದ್ದು ಅದೇ ಕೈ. ಆದರೂ ಮುಂದಿನ ಮಳೆಗಾಲದ ಮೊದಲು ದೋಣಿಯವರು ಕರೆಯಲು ಬಂದಾಗ ಅಜ್ಜ, "ನನ್ನ ಕೈಗೆ ಈಗ ಅಂದಾಜು ಸಿಗುವುದಿಲ್ಲ, ಬೇರೆಯವರನ್ನು ನೋಡಿ," ಎಂದು ಕಳಿಸಿಬಿಟ್ಟರು. ಬಾಣಲೆ ಮತ್ತೆ ಒಲೆಗೇರಲಿಲ್ಲ. ನನ್ನನ್ನು ಮಾತ್ರ ಮೊದಲಿನಂತೆಯೇ ಪಕ್ಕದಲ್ಲಿ ಕೂರಿಸಿಕೊಂಡು ಹುರಿಗಡಲೆ ಕೊಡುತ್ತಿದ್ದರು. ಆ ದಿನದ ಸುದ್ದಿಯನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ವರ್ಷದಲ್ಲಿ ಹೋಗಿಬಿಟ್ಟರು.

ಅಪ್ಪ ಬಹಳ ಕಾಲ ಬದುಕಿದರು. ಲಾರಿ ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದ ಮೇಲೂ ಮನೆಗೆ ಬಂದವರಿಗೆಲ್ಲ ಆ ಕತೆ ಹೇಳುತ್ತಿದ್ದರು. "ನನ್ನ ಅಪ್ಪ ಕೆಡಿಸಿದ್ದು. ಇವಳು ನೋಡಿ, ಅಷ್ಟು ಸಣ್ಣವಳು, ದಿನವೂ ಗೆರಟೆ ಇಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು," ಎಂದು ನನ್ನತ್ತ ಕೈ ತೋರಿಸುತ್ತಿದ್ದರು. ನಾನು ಪ್ರತಿ ಸಲವೂ ಬಂದವರಿಗೆ ಚಹಾ ತರಲು ಒಳಗೆ ಹೋಗುತ್ತಿದ್ದೆ.