ಕುಂಡ್ರಾಕ ಒಂದು ಜಾಗ

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಮೊನ್ನೆ ಸಂಜೆ ಸಗಣಿ ಕುಳ್ಳಿನ ಹೊಗೆಯ ವಾಸನೆ ಬಂತು ನೋಡಿ, ತರಕಾರಿ ಚೀಲ ಹಿಡಿದವನು ಅಲ್ಲೇ ನಿಂತುಬಿಟ್ಟೆ. ತಳ್ಳುಗಾಡಿಯವನೊಬ್ಬ ಎಳೆ ಜೋಳದ ತೆನೆ ಸುಡುತ್ತಿದ್ದ. ನಮ್ಮ ಕಡೆ ಇದಕ್ಕೆ ಸೀತನಿ ಅಂತಾರೆ. ಕೊಂಡೆ. ಅವನೇ ಉಜ್ಜಿ, ತೂರಿ, ಸೇವು ಬೆರೆಸಿ ಪೊಟ್ಟಣ ಕಟ್ಟಿಕೊಟ್ಟ. ನನ್ನ ಕೈಗೆ ಕೆಲಸವೇ ಉಳಿಯಲಿಲ್ಲ.

ಸೀತನಿಯನ್ನು ಮನೆಯಲ್ಲಿ ಕೂತು ತಿನ್ನುವುದಿಲ್ಲ, ನಿಮಗೆ ಗೊತ್ತಿರಬಹುದು. ಹೊಲಕ್ಕೇ ಹೋಗಬೇಕು, ಅದೂ ಒಬ್ಬರೇ ಹೋಗುವಂತಿಲ್ಲ. ಪೋತ್ನಾಳದ ನಮ್ಮ ಹೊಲದ ಬೇವಿನ ಮರದ ಕೆಳಗೆ ಚಳಿಗಾಲದಲ್ಲಿ ಅರ್ಧ ಓಣಿಯೇ ಕೂತಿರುತ್ತಿತ್ತು. ದೇವದುರ್ಗದ ಸೋದರಮಾವ ಬೆಲ್ಲ ಕಟ್ಟಿಕೊಂಡು ಬರುತ್ತಿದ್ದ, ಬಂದವನು ಗೊರಕೆ ಹೊಡೆಯುತ್ತಿದ್ದ. ಪಕ್ಕದ ಹೊಲದಾಕೆ ಅವ್ವನ ಗೆಳತಿ, ನನಗೆ ಖಾಲಾ, ಅಂದರೆ ಚಿಕ್ಕವ್ವ. ಅವಳ ಮನೆಯಲ್ಲಿ ದಖನಿ ಉರ್ದು, ಬದುವಿನ ಮೇಲೆ ನಮ್ಮ ಕನ್ನಡ. ಬಿಸಿ ತೆನೆಯನ್ನು ಬರಿಗೈಯಲ್ಲಿ ಉಜ್ಜಿ ನನ್ನ ಅಂಗೈಗೆ ಸುರಿಯುತ್ತಿದ್ದಳು. ನಾನು ಕುಣಿದಾಡಿದರೆ, "ಏನಲೇ, ಕೈಯಾಗ ಬೆಣ್ಣಿ ಅದ ಏನು?" ಎಂದು ನಗುತ್ತಿದ್ದಳು.

ಆಮೇಲೆ ನಮ್ಮ ಹೊಲಗಳಿಗೂ ಕಾಲುವೆ ನೀರು ಬಂತು. ಎರೆಹೊಲವೆಲ್ಲ ಗದ್ದೆಯಾಯಿತು. ರೊಟ್ಟಿ ಬಡಿಯುವ ಸದ್ದು ಕಡಿಮೆಯಾಗಿ ಕುಕ್ಕರಿನ ಸೀಟಿ ಹೆಚ್ಚಾಯಿತು. ದೂರುವಂತಿಲ್ಲ ಬಿಡಿ, ನನ್ನ ಕಾಲೇಜು, ಖಾಲಾನ ಮಗಳ ನರ್ಸಿಂಗು, ಎರಡೂ ಭತ್ತದಿಂದಲೇ ಆದವು. ಆದರೆ ನೀರು ನಿಂತ ಗದ್ದೆಯಲ್ಲಿ ಯಾರು ಯಾರನ್ನು ಕರೆದು ಕೂರಿಸುತ್ತಾರೆ?

ಬೇವಿನ ಮರದ ಸುತ್ತಲಿನ ತುಂಡಿಗೆ ಮಾತ್ರ ಭತ್ತ ಹಚ್ಚಲು ಅವ್ವ ಬಿಡಲಿಲ್ಲ. "ಉಣ್ಣಾಕ ಅಕ್ಕಿ ಆತು. ಕುಂಡ್ರಾಕ ಒಂದು ಜಾಗ ಬ್ಯಾಡೇನು?" ಅಂದಳು. ಹಠ ಅವಳದು, ಆದರೆ ನೀರು ಯಾರ ಮಾತು ಕೇಳುತ್ತದೆ? ಖಾಲಾನ ಗದ್ದೆ ಮೇಲಿತ್ತು. ಅಲ್ಲಿಂದ ನೀರು ಬಸಿದು ಬಂದು ಜೋಳ ಹಳದಿಗೆ ತಿರುಗಿತು. ಅವ್ವ ಬಾಯಿ ಬಿಡಲಿಲ್ಲ. ಖಾಲಾ ತಾನಾಗಿಯೇ ಬಂದು ನೋಡಿದಳು, ಮರುದಿನ ತನ್ನ ಅಂಚಿನ ಭತ್ತ ಕಿತ್ತು ಬಸಿಗಾಲುವೆ ತೋಡಿಸಿದಳು. ನೀರು ಹಳ್ಳಕ್ಕೆ ಹೋಯಿತು, ಜೋಳ ಎದ್ದಿತು. ಅವ್ವ ಇರುವತನಕ ಸೀತನಿ ತಪ್ಪಲಿಲ್ಲ.

ಅವ್ವ ಹೋದಮೇಲೆ ಹೊಲವನ್ನು ಲೀಸಿಗೆ ಕೊಟ್ಟೆ. ಲೀಸಿನವನು ಬೇವಿನ ಬುಡದವರೆಗೂ ಭತ್ತ ಹಚ್ಚಿದ. ಊರಿಗೆ ಹೋದರೂ ಆ ಕಡೆ ಹಾಯುವ ಮನಸ್ಸಾಗುತ್ತಿರಲಿಲ್ಲ.

ಪೊಟ್ಟಣ ಹಿಡಿದುಕೊಂಡೇ ಖಾಲಾಗೆ ಫೋನು ಮಾಡಿದೆ.

"ಖಾಲಾ, ಆ ಬಸಿಗಾಲುವಿ ಮುಚ್ಚಿಸೀರೇನು?"

"ಯಾಕ ಮುಚ್ಚಸಲಿ? ವರ್ಷಾ ವರ್ಷಾ ಹೂಳು ತೆಗಸ್ತೀನಿ."

"ಈಗ ಅಲ್ಲಿ ಜ್ವಾಳಾನ ಇಲ್ಲಲ್ಲ?"

"ನೀ ಯಾವತ್ತರೆ ಹಾಕ್ತಿ ಅಂತ ಬಿಟ್ಟೀನಿ ಬೇಟಾ."

ಈ ಭತ್ತ ಕೊಯ್ದ ಮೇಲೆ ಬೇವಿನ ತುಂಡು ನನಗೆ ಬಿಟ್ಟುಕೊಡು ಎಂದು ಲೀಸಿನವನಿಗೆ ಅಲ್ಲಿಂದಲೇ ಫೋನಿನಲ್ಲಿ ಹೇಳಿದೆ. ಆಮೇಲೆ ಮತ್ತೆ ಗಾಡಿಯ ಹತ್ತಿರ ಹೋಗಿ ಉಜ್ಜದ ತೆನೆಯೊಂದನ್ನು ಕೇಳಿದೆ.

"ಕೈ ಸುಡ್ತದ್ರಿ ಸರ," ಅಂದ ಅವನು.

ಸುಡಲಿ ಅಂದೆ. ಮುಂದಿನ ಚಳಿಗಾಲದ ಹೊತ್ತಿಗೆ ಕೈಗೆ ರೂಢಿಯಾಗಬೇಕಲ್ಲ.