ದಾರ ಸರಿಸಿದ್ದು ನಾನೇ

ಆಗಿನ ಬಿನ್ನಿಪೇಟೆಯಲ್ಲಿ ಅವರೆಕಾಯಿ ಕಾಲ ಬಂದರೆ ಓಣಿಗೆಲ್ಲ ಸೊಗಡಿನ ವಾಸನೆ. ಸಂಜೆ ಮಿಲ್ಲಿನ ಸೈರನ್ ಕೂಗಿದರೆ ನಾನು ಗೋಲಿ ಆಟ ಬಿಟ್ಟು ರಾಜಪ್ಪ ಮೇಷ್ಟ್ರ ಮನೆಗೆ ಓಡುತ್ತಿದ್ದೆ. ಅರಮನೆಯಲ್ಲಿ ಚೆಲ್ಲೊ ನುಡಿಸಿ ನಿವೃತ್ತರಾಗಿದ್ದ ಅವರು ನನಗೂ ಪಕ್ಕದ ಮನೆಯ ರುಕ್ಮಿಣಿಗೂ ಪುಕ್ಕಟೆಯಾಗಿ ಅದನ್ನು ಕಲಿಸುತ್ತಿದ್ದರು. ನಾವದನ್ನು ದೊಡ್ಡ ಪಿಟೀಲು ಅನ್ನುತ್ತಿದ್ದೆವು. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ಹಿಡಿದು ಕಮಾನು ಎಳೆದರೆ ಎದೆಯೊಳಗೇ ಗುಂಯ್ ಅನ್ನುತ್ತಿತ್ತು.

ಮೇಷ್ಟ್ರ ಕಿವಿ ಆಗಲೇ ಮಂದವಾಗಿತ್ತು. ಯಾವ ಸ್ವರಕ್ಕೆ ಬೆರಳು ಎಲ್ಲಿಡಬೇಕೆಂದು ಅಳೆದು, ವಾದ್ಯದ ಕುತ್ತಿಗೆಗೆ ಕೆಂಪು ದಾರಗಳನ್ನು ಕಟ್ಟಿದ್ದರು. ಬೆರಳು ದಾರದ ಮೇಲಿದೆಯೇ ಎಂದು ಕಣ್ಣಿನಿಂದ ನೋಡಿಯೇ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

ರುಕ್ಮಿಣಿ ನನಗಿಂತ ತಡವಾಗಿ ಸೇರಿದವಳು. ಆದರೂ ಅವಳು ನುಡಿಸಿದರೆ ನನ್ನ ಅಮ್ಮನೇ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, "ಎಷ್ಟು ಇಂಪಾಗಿ ಬಾರಿಸ್ತಾಳೆ ನೋಡೋ! ನೀನು ಬಾರಿಸಿದ್ರೆ ಬಾಗ್ಲು ಕಿರುಗುಟ್ಟಿದಂಗಿರುತ್ತೆ ಕಣೋ" ಅನ್ನುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಸಂಕ್ರಾಂತಿಗೆ ಭಜನೆ ಮಂದಿರದಲ್ಲಿ ರುಕ್ಮಿಣಿಯೇ ನುಡಿಸಲಿ ಎಂದು ಮೇಷ್ಟ್ರು ಹೇಳಿದ ದಿನ ಅನ್ನವೇ ಸೇರಲಿಲ್ಲ.

ಮರುದಿನ ಅವಳಿಗಿಂತ ಮೊದಲೇ ಹೋದೆ. ಮೇಷ್ಟ್ರು ಕಾಫಿಗೆಂದು ಒಳಗೆ ಹೋದಾಗ ದಾರಗಳನ್ನೆಲ್ಲ ಬೆರಳಗಲ ಮೇಲಕ್ಕೆ ಸರಿಸಿಬಿಟ್ಟೆ.

ರುಕ್ಮಿಣಿ ಬಂದು ದಾರದ ಮೇಲೆ ಬೆರಳಿಟ್ಟು ಕಮಾನು ಎಳೆದಳು. ಮುಖ ಕಿವುಚಿದಳು. ಬೆರಳನ್ನು ಕೊಂಚ ಕೆಳಗೆ ಜರುಗಿಸಿ ಮತ್ತೆ ಎಳೆದಳು.

"ದಾರ ಎಲ್ಲಿದೆ, ಬೆರಳು ಎಲ್ಲಿದೆ?" ಮೇಷ್ಟ್ರು ಗದರಿದರು.

"ಅಲ್ಲಿಟ್ರೆ ಅಪಸ್ವರ ಬರುತ್ತೆ ಸಾರ್!" ಅವರಿಗೆ ಕೇಳಿಸಲೆಂದು ಅವಳು ಗಟ್ಟಿಯಾಗಿ ಹೇಳಿದಳು.

"ನನ್ನ ತಲೆ ನೆರೆತಿರೋದು ಇದನ್ನ ಬಾರಿಸೇ. ನಂಗೇ ಹೇಳಿಕೊಡ್ತೀಯಾ? ಇಡು ದಾರದ ಮೇಲೆ!"

"ತಪ್ಪು ಸಾರ್ ಅದು." ಅವಳ ಕಣ್ಣು ತುಂಬಿತ್ತು. ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳೋ. ನಿಂಗೆ ಕೇಳಿಸ್ತಲ್ವಾ?"

"ಮೇಷ್ಟ್ರು ಹೇಳಿದ್ದೇ ಸರಿ" ಅಂದೆ.

ಅವಳು ಕಮಾನನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟು ಹೊರಟುಹೋದಳು. ಮತ್ತೆ ಬರಲಿಲ್ಲ. ಸಂಕ್ರಾಂತಿಯ ದಿನ ಆ ಸರಿಸಿದ ದಾರಗಳ ಮೇಲೆಯೇ ಬೆರಳಿಟ್ಟು ನಾನು ನುಡಿಸಿದೆ. ಮೇಷ್ಟ್ರು ನನ್ನ ಬೆರಳುಗಳನ್ನೇ ನೋಡುತ್ತ ತಲೆದೂಗಿದರು. ಜನ ಮುಸಿಮುಸಿ ನಕ್ಕರು. ಹಿಂದೆ ಕೂತಿದ್ದ ರುಕ್ಮಿಣಿ ಮಾತ್ರ ನಗಲಿಲ್ಲ.

ಈಗ ಮಿಲ್ಲಿಲ್ಲ, ಮೇಷ್ಟ್ರಿಲ್ಲ, ನಮ್ಮ ವಠಾರವೂ ಇಲ್ಲ. ಅವೆಲ್ಲ ತಾವಾಗಿಯೇ ಹೋದವು. ಆ ಹುಡುಗಿಯ ಕೈಯಿಂದ ವಾದ್ಯ ತಪ್ಪಿಹೋದದ್ದು ನನ್ನಿಂದ. ಮದುವೆಯಾಗಿ ಹೋಗುವವರೆಗೆ ಇನ್ನೂ ಎಂಟು ವರ್ಷ ಅವಳು ಪಕ್ಕದ ಮನೆಯಲ್ಲೇ ಇದ್ದಳು. ನಿಜ ಹೇಳುವುದಕ್ಕೆ ನಡುವೆ ಒಂದು ಗೋಡೆಯಷ್ಟೇ ಅಡ್ಡವಿತ್ತು.