ತುಪ್ಪ ಹಾಕಿದ ತೌಡಿನ ರೊಟ್ಟಿ

ಗಲ್ಫಿನಲ್ಲಿ, ಮದೀನತ್ ಖಲೀಫಾದ ನಮ್ಮ ಕಾಂಪೌಂಡಿನಲ್ಲಿ ಎದುರಿನ ವಿಲ್ಲಾದವಳು ಅಮೆರಿಕದವಳು. ಗಂಡ ರಾಸ್ ಲಫಾನಿನ ಅನಿಲ ಸ್ಥಾವರದಲ್ಲಿ ಇಂಜಿನಿಯರ್. ಕಳೆದ ಸಲ ರಜೆ ಮುಗಿಸಿ ಬರುವಾಗ ಅವಳು ತನ್ನ ಅಜ್ಜಿ ಕೂಡಿಟ್ಟಿದ್ದ ವಾರಪತ್ರಿಕೆಗಳನ್ನು ತಂದಿದ್ದಳು. ಎರಡನೇ ಮಹಾಯುದ್ಧದ ಕಾಲದವು. ಆಗ ಅಲ್ಲಿ ಮನೆಮನೆಗೂ ಬರುತ್ತಿದ್ದವಂತೆ.

ಹಳೆಯ ಪತ್ರಿಕೆ ಎಂದರೆ ನನಗೂ ಜೀವ. ಖುಷಿಯಿಂದಲೇ ಪುಟ ತಿರುಗಿಸಿದೆ. ತಿರುಗಿಸಿದಷ್ಟೂ ಮೈ ಉರಿಯತೊಡಗಿತು. ಒಂದು ಪುಟದಲ್ಲಿ ಇಸ್ತ್ರಿ ಮಾಡಿದ ಏಪ್ರನ್ ತೊಟ್ಟ ಗೃಹಿಣಿ ರೇಷನ್ ಪುಸ್ತಕ ಹಿಡಿದು ನಗುತ್ತಿದ್ದಾಳೆ. ಮುಂದೆ ಮೇಜಿನ ಮೇಲೆ ಮಾಂಸ, ಬೆಣ್ಣೆ, ಸಕ್ಕರೆ. ಅಷ್ಟರಲ್ಲೇ ವಾರ ಕಳೆಯುವುದು ಅವಳ ತ್ಯಾಗವಂತೆ! ಪಕ್ಕದಲ್ಲೇ, ಯುದ್ಧ ಗೆದ್ದ ಮೇಲೆ ಕೊಳ್ಳಬೇಕಾದ ಫ್ರಿಜ್ಜಿನ ಜಾಹೀರಾತು. ಪುಟಗಟ್ಟಲೆ ಯುದ್ಧವಿತ್ತು, ಹಸಿದವರ ಒಂದು ಮುಖವೂ ನನಗೆ ಸಿಗಲಿಲ್ಲ.

"ಎಷ್ಟು ಸರಳವಾದ ಕಾಲ, ಅಲ್ಲವೇ?" ಎಂದಳು ಆಕೆ. ಅದೇ ಕಾಲದ ಹೆಸರಲ್ಲಿ ಕಾಂಪೌಂಡಿನ ಹೆಂಗಸರೆಲ್ಲ ಒಂದು ಸಂಜೆ ಸೇರೋಣ, ಯುದ್ಧದ ದಿನಗಳಲ್ಲಿ ನಮ್ಮ ನಮ್ಮ ಮನೆಗಳಲ್ಲಿ ಮಾಡುತ್ತಿದ್ದ ಒಂದೊಂದು ತಿಂಡಿ ತರೋಣ ಎಂದಳು.

ತರುತ್ತೇನೆ ಎಂದೆ. ಹಲ್ಲು ಕಚ್ಚಿಕೊಂಡೇ ಎಂದೆ.

ಆಗ ನಮ್ಮ ಅತ್ತೆ, ನನ್ನ ಗಂಡನ ತಾಯಿ, ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಯುದ್ಧ ಮುಗಿದರೂ ರೇಷನ್ ಮುಗಿಯದ ವರ್ಷಗಳಲ್ಲಿ ಅವರು ಸಣ್ಣ ಹುಡುಗಿ. ಅಕ್ಕಿ ಸಿಗದೆ ತೌಡಿನ ರೊಟ್ಟಿ ತಿಂದು ಬೆಳೆದವರು. ಅದನ್ನೇ ಮಾಡಿಸಬೇಕು, ತೌಡು, ನೀರು, ಉಪ್ಪು, ಬೇರೇನೂ ಬೇಡ. ಒಂದು ತುಂಡಾದರೂ ಆ ಹೆಂಗಸರ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು, ಅತ್ತೆಯ ಹಸಿವು ಎಂಥದ್ದೆಂದು ಅವರಿಗೆ ಗೊತ್ತಾಗಬೇಕು. ನನಗೆ ಬೇಕಿದ್ದುದು ಅಷ್ಟೇ.

ತೌಡು ಕೊನೆಗೆ ಸಿಕ್ಕಿದ್ದು ಆರೋಗ್ಯದ ಆಹಾರ ಮಾರುವ ಅಂಗಡಿಯಲ್ಲಿ, ಚಂದದ ಗಾಜಿನ ಬಾಟಲಿಯಲ್ಲಿ. ಊರಲ್ಲಿ ದನದ ಅಕ್ಕಚ್ಚಿಗೆ ಬೆರೆಸುವ ತೌಡು! ಅದಕ್ಕೂ ಸಿಟ್ಟು ಬಂತು.

ರೊಟ್ಟಿ ನಾನೇ ತಟ್ಟುತ್ತೇನೆ ಎಂದರು ಅತ್ತೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಎಲ್ಲ ಡಬ್ಬಿಗೆ ತುಂಬಿ, ಸೀರೆ ಉಟ್ಟು ತಯಾರಾಗಿದ್ದರು. ಹಾಗೇ ಎದುರು ಮನೆಗೆ ಹೋದೆವು.

ಮುಚ್ಚಳ ತೆಗೆದದ್ದೇ ತುಪ್ಪದ ಪರಿಮಳ. ಏಲಕ್ಕಿ, ಬೆಲ್ಲ, ಕಾಯಿತುರಿ, ಒಂದೂ ಬಿಟ್ಟಿರಲಿಲ್ಲ. ಹೆಂಗಸರು ಮುಗಿಬಿದ್ದು ತಿಂದರು. "ಇದನ್ನು ತಿಂದು ಬೆಳೆದಿದ್ದಾರೆಂದರೆ ನಿಮ್ಮ ಅತ್ತೆ ಅದೃಷ್ಟವಂತೆ" ಎಂದಳು ಮನೆಯವಳು. ನಾನು ಕೆಂಡವಾದೆ. ಅತ್ತೆಯನ್ನು ವರಾಂಡಕ್ಕೆ ಕರೆದುಕೊಂಡು ಹೋದೆ.

"ಯಾಕೆ ಅತ್ತೆ? ಏನೂ ಹಾಕಬೇಡಿ ಅಂತ ಅಷ್ಟು ಹೇಳಿದ್ದೆನಲ್ಲ!"

"ಹೇಳಿದ್ದಿ ಮಾರಾಯ್ತಿ. ಆದ್ರೆ ಅದನ್ನು ಹಾಗೇ ಒಬ್ರ ಎದುರು ಇಡ್ಲಿಕ್ಕೆ ಆಗ್ತದಾ? ನಮ್ಮ ಅಮ್ಮ ನಮಗೆ ಅದನ್ನು ಬಡಿಸಿ ಗೋಡೆಗೆ ಮುಖ ಮಾಡಿ ಕೂತ್ಕೊಳ್ತಿದ್ರು. ನಾವು ತಿಂದು ಏಳುವವರೆಗೆ ಈಚೆ ತಿರುಗ್ತಿರ್ಲಿಲ್ಲ."

ಅಷ್ಟು ಕೇಳಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಅಷ್ಟರಲ್ಲಿ ಮನೆಯವಳು ಉಳಿದ ಒಂದು ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ತಂದು ಅತ್ತೆಯ ಮುಂದೆ ಹಿಡಿದಳು. ಅತ್ತೆ ನಕ್ಕು, ಹೊಟ್ಟೆ ತುಂಬಿದೆ ಅಂತ ಹೇಳು ಎಂದರು. ಬೆಳಗ್ಗಿನಿಂದ ಒಲೆಯ ಮುಂದಿದ್ದವರು ಒಂದು ಚೂರನ್ನೂ ಬಾಯಿಗೆ ಹಾಕಿರಲಿಲ್ಲ.

ಅತ್ತೆ ಊರಿಗೆ ಹೋದ ಮೇಲೆ ಎದುರು ಮನೆಯವಳು ಫೋನಿನಲ್ಲಿ ಸಂದೇಶ ಕಳಿಸಿ, ಆ ರೊಟ್ಟಿ ಮಾಡುವುದು ಹೇಗೆ ಎಂದು ಕೇಳಿದಳು. ತೌಡು, ನೀರು, ಉಪ್ಪು ಎಂದು ಬರೆದು ಕಳಿಸಿದೆ. ಮರುದಿನ ಉತ್ತರ ಬಂತು: "ನಾನು ಎಲ್ಲೋ ತಪ್ಪಿದ್ದೇನೆ, ಮಕ್ಕಳು ಬಾಯಿಗಿಟ್ಟು ಉಗುಳಿದರು."

ತಪ್ಪಿಲ್ಲ, ಸರಿಯಾಗಿಯೇ ಬಂದಿದೆ ಎಂದು ಬರೆದೆ.